ಕೊಲೇಟೋ ಕಂಪೈಲೋ

"ಎಲ್ಲಾ ಶಾಖೆಗಳ ವರದಿ ಕಂಪೈಲ್ ಮಾಡಿ, ಹತ್ತು ಪ್ರತಿ ಕೊಲೇಟ್ ಮಾಡಿಕೊಂಡು ಬನ್ನಿ" ಅಂದರು ಸಾಹೇಬರು. ಎರಡೂ ಒಂದೇ ತಾನೇ ಅಂತ ತಲೆಯಾಡಿಸಿ ಬಂದೆ.

ಈ ವ್ಯತ್ಯಾಸ ಜೆರಾಕ್ಸ್ ಯಂತ್ರಕ್ಕೆ ನನಗಿಂತ ಚೆನ್ನಾಗಿ ಗೊತ್ತು. ಕೊಲೇಟ್ ಗುಂಡಿ ಒತ್ತಿದರೆ 1, 2, 3 ಅಂತ ಪುಟಗಳು ಸರದಿಯಲ್ಲೇ ಬರುತ್ತವೆ. ಒತ್ತದಿದ್ದರೆ ಮೊದಲ ಪುಟವೇ ಹತ್ತು ಸಲ, ಎರಡನೆಯದು ಹತ್ತು ಸಲ. ನಾನು ಒತ್ತಿರಲಿಲ್ಲ. ಮೇಜು ಸಾಲದೆ, ಫ್ಯಾನ್ ಆರಿಸಿ, ನೆಲದ ಮೇಲೆ ಹಾಳೆ ಹರಡಿ, ಪಂಕ್ತಿಯಲ್ಲಿ ಬಡಿಸುವವನ ಹಾಗೆ ಬಗ್ಗಿ ಬಗ್ಗಿ ಜೋಡಿಸಿದೆ. ಇದ್ದ ಹಾಳೆಗಳನ್ನೇ ಸರದಿಗೆ ತರೋದು ಕೊಲೇಟ್. ಅಲ್ಲಿಂದ ಇಲ್ಲಿಂದ ಹೆಕ್ಕಿ ಹೊಸದೊಂದು ಕಟ್ಟೋದು ಕಂಪೈಲ್. ಸೊಂಟ ಕಲಿಸಿದ ಪಾಠ!

ನಿಘಂಟು ತೆಗೆದರೆ ಇನ್ನೂ ತಮಾಷೆ. ಕಂಪೈಲ್‌ನ ಲ್ಯಾಟಿನ್ ಮೂಲಕ್ಕೆ ಲೂಟಿ ಮಾಡು ಅಂತ ಅರ್ಥ. ಕೆಲವು 'ಸಂಪಾದಿತ' ಗ್ರಂಥಗಳನ್ನು ಓದಿದವರಿಗೆ ಇದು ಹೊಸ ಸುದ್ದಿಯಲ್ಲ ಬಿಡಿ. ಕೊಲೇಟ್‌ನ ಒಡಹುಟ್ಟಿದ ಕೊಲೇಷನ್‌ಗೋ, ಲಘು ಉಪಾಹಾರ ಅಂತಲೂ ಅರ್ಥವಿದೆ. ಹಿಂದೆ ಕ್ರೈಸ್ತ ಸನ್ಯಾಸಿಗಳು ಸಂಜೆ ಹಿರಿಯರ ಸಂಭಾಷಣೆಗಳನ್ನು ಓದಿ, ಒಂದಿಷ್ಟು ತಿನ್ನುತ್ತಿದ್ದ ರೂಢಿಯಿಂದ ಬಂದದ್ದು.

ಓದಿದ ಮೇಲೆ ಸುಮ್ಮನಿರೋದು ಹೇಗೆ? ಹಾಳೆ ಅಲ್ಲೇ ಬಿಟ್ಟು ಎರಡು ಇಡ್ಲಿಯ ಕೊಲೇಷನ್ ಮುಗಿಸಿ ಬಂದೆ. ಯಾರೋ ಪುಣ್ಯಾತ್ಮರು ಫ್ಯಾನ್ ಹಾಕಿದ್ದರು.