ಪುರವಣಿ ವಾಚನ ಮೀಮಾಂಸೆ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಹೇಳದೆ ಯಾವ ಶಾಸ್ತ್ರವೂ ಆರಂಭವಾಗಬಾರದು. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಪುರವಣಿ ವಾಚನವೆಂಬ ಗುಪ್ತವಿದ್ಯೆಗೆ ಈವರೆಗೆ ಭಾಷ್ಯಕಾರರು ಒದಗಿಲ್ಲ. ಅಂಗಳದ ಅಡಿಕೆ ಕಾಯಲೆಂದು ಕುಳಿತಲ್ಲಿಂದಲೇ ಈ ಲೇಖಕನು ಆ ಕೊರತೆ ನೀಗಲು ಹೊರಟಿದ್ದಾನೆ.

ವಿಷಯ: ಹರ್ಮನ್ ಮೊಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು 1843ರ ಜುಲೈ 1ರಂದು. ಹಿಂದಕ್ಕೆ ಎಣಿಸಿದರೆ ಅಂದು ಶನಿವಾರ. ಮರುದಿನದ ಭಾನುವಾರವನ್ನು ಗಮನದಲ್ಲಿಟ್ಟೇ ಕನ್ನಡ ಪತ್ರಿಕೋದ್ಯಮ ಹುಟ್ಟಿತೆಂದು ಇದರಿಂದ ಸಿದ್ಧವಾಯಿತು. ಪುರವಣಿ ಮಾತ್ರ ಬಾಕಿಯಿತ್ತು. ‘ಉದಯವಾಣಿ’ಯ ‘ಸಾಪ್ತಾಹಿಕ ಸಂಪದ’ದಂಥವು ಆ ಸಾಲವನ್ನು ಬಡ್ಡಿ ಸಮೇತ ತೀರಿಸಿದವು.

ಅಧಿಕಾರಿ: ಓದುಗರನ್ನು ವರ್ಗೀಕರಿಸಲು ಅಡಿಕೆ ಮಾರುಕಟ್ಟೆಯ ಪರಿಭಾಷೆಯೇ ಸಾಕು. ಬಂದ ದಿನವೇ ಓದುವವನು ‘ಹೊಸತು’. ಒಂದು ವರ್ಷ ಇಟ್ಟು ಓದುವವನು ‘ಸಿಂಗಲ್ ಚೋಲ್’. ಅಡುಗೆಮನೆಯ ಡಬ್ಬಿಗಳ ಅಡಿಗೆ ಹಾಸಿದ್ದನ್ನು ಎರಡು ವರ್ಷದ ಬಳಿಕ ಎಳೆದು, ನಿಂತಲ್ಲೇ ಓದಿ ಮುಗಿಸುವವನು ‘ಡಬ್ಬಲ್ ಚೋಲ್’. ಇವನಿಗೇ ಹೆಚ್ಚು ಬೆಲೆ. ಕಥೆಯನ್ನು ಅರ್ಧಕ್ಕೆ ಬಿಟ್ಟು ವಾರಭವಿಷ್ಯಕ್ಕೆ ಹಾರುವವನು ‘ಪಟೋರ’. ಹನಿಗವನವಷ್ಟೇ ಸಾಕೆಂಬವನು ‘ಉಳ್ಳಿ’. ಒಂದಕ್ಷರವೂ ಓದದೆ “ಅದರಲ್ಲಿ ಎಂತ ಉಂಟು ಮಾರಾಯ್ರೆ?” ಎಂದು ಕೇಳುವವನು ‘ಕರಿಗೋಟು’.

ಸಂಬಂಧ: ಗ್ರಂಥಕ್ಕೂ ಓದುಗನಿಗೂ ಇರಬೇಕಾದದ್ದು ಆವರಣ ಸಂಬಂಧ. ಹೊರಗೆ ಕಾಣುವುದು 1988ರಿಂದ ಪುತ್ತೂರಿನಲ್ಲಿ ಪ್ರಕಟವಾಗುವ ‘ಅಡಿಕೆ ಪತ್ರಿಕೆ’. ಒಳಗೆ ನಾಲ್ಕು ಮಡಿಕೆಯಾಗಿ ಅಡಗಿರುವುದು ಪ್ರೇಮಕಥೆ. ನೋಡಿದವರಿಗೆ, ಯಜಮಾನರು ಕೊಳೆರೋಗದ ಚಿಂತೆಯಲ್ಲಿದ್ದಾರೆ ಎಂದೇ ಭಾಸ. ನಡುನಡುವೆ “ಮೈಲುತುತ್ತಿಗೆ ಎಷ್ಟಾಯಿತೋ” ಎಂದು ಗೊಣಗುವುದು ಈ ವಿದ್ಯೆಯ ಬೀಜಮಂತ್ರ.

ಪ್ರಯೋಜನ: ಪುರವಣಿಯ ಮೇಲೆ ಹಲಸಿನ ಹಪ್ಪಳ ಒಣಗಿಸಬಹುದು, ಮಕ್ಕಳ ಪುಸ್ತಕಕ್ಕೆ ಬೈಂಡು ಹಾಕಬಹುದು. ಆದರೆ ಇವು ಗೌಣ ಫಲಗಳು. ಮುಖ್ಯ ಫಲವೆಂದರೆ ಮಾಡಬೇಕಾದ ಕೆಲಸ ಎದುರಿಗಿರುವಾಗ ಅದನ್ನು ಮಾಡದಿರುವ ಸುಖ. ಕೆಲಸವಿಲ್ಲದವನು ಓದಿದರೆ ಅದು ಬರೀ ಓದು. ಈ ಸುಖದಲ್ಲಿ ಪಾಪವೇ ಒಗ್ಗರಣೆ.

ಈ ಸಿದ್ಧಾಂತಕ್ಕೆ ಈ ದಿನವೇ ಒಂದು ವಿಘ್ನ ಬಂತು. ಪುರವಣಿಯ ನಡುಹಾಳೆ ಬೆಳಿಗ್ಗೆಯಿಂದ ನಾಪತ್ತೆ. ಕಥೆಯ ಕೊನೆ ಅದರಲ್ಲೇ ಇತ್ತು. ನಾಯಕಿ ಬಸ್ಸು ಹತ್ತಿದಳೋ ಇಲ್ಲವೋ ಎಂಬ ಸಂಶಯವನ್ನು ತರ್ಕದಿಂದ ಬಿಡಿಸುತ್ತಿರುವಾಗ ಮೋಡ ಕವಿದದ್ದು ಲೇಖಕನಿಗೆ ತಿಳಿಯಲಿಲ್ಲ. “ಓ ಇವರೇ, ಮಳೆ ಬಂತು! ಅಡಿಕೆ!” ಎಂದು ಕೂಗುತ್ತ ಮನೆಯಾಕೆ ಅಂಗಳಕ್ಕೆ ಓಡಿಬಂದಳು. ಕೊಟ್ಟಿಗೆಯ ಹಿಂದಿನಿಂದ ಬಂದವಳ ತಲೆಯ ಮೇಲೆ ಮಳೆಗೆ ಅಡ್ಡವಾಗಿ ಹಿಡಿದಿದ್ದ ಕಾಗದವೊಂದಿತ್ತು.

ಅದು ನಡುಹಾಳೆ.

ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಬೈಯುವ ಅಧಿಕಾರ ಆ ಹೊತ್ತಿಗೆ ಯಾರಿಗೂ ಉಳಿದಿರಲಿಲ್ಲ. ಅಡಿಕೆ ಬಾಚುತ್ತ ಆಕೆ ಮೆಲ್ಲನೆ ಅಂದಳು:

“ಹತ್ತಲಿಲ್ಲ.”