ಮಾನ್ಯ ಶೇಕಡಾ 75 ಅವರಿಗೊಂದು ಬಹಿರಂಗ ಪತ್ರ

ಗೆ,
ಶ್ರೀಮಾನ್ ಶೇಕಡಾ 75 ಹಾಜರಾತಿಯವರು,
ಕಾಲೇಜು ನೋಟಿಸ್ ಬೋರ್ಡ್, ಕರ್ನಾಟಕ.

ವಿಷಯ: ಹಾಜರಾತಿ ಕೊರತೆಯ ಕೊನೆಯ ಎಚ್ಚರಿಕೆಗೆ ಸಮಜಾಯಿಷಿ.

ಮಾನ್ಯರೇ,

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಬಿ.ಎ. ವಿದ್ಯಾರ್ಥಿಯಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕೃಪೆಗೆ ಪಾತ್ರನಾಗಲು ನನಗಿನ್ನೂ ಶೇ 11 ಕಡಿಮೆ ಬಿದ್ದಿದೆ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 64 ಎಂದು ಬರೆದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಮೆಡಿಕಲ್ ಸರ್ಟಿಫಿಕೇಟ್ ತಂದರೆ ನೋಡೋಣ ಅಂದಿದ್ದಾರೆ. ಆದರೆ ಬಸ್ಸು ನಿಲ್ಲದ ಕಾಯಿಲೆಗೆ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಆದ್ದರಿಂದ ಈ ಪತ್ರ.

ಮೊದಲು ಫಸ್ಟ್ ಪಿರಿಯಡ್ಡಿನ ವಿಚಾರ. ಕಾಲೇಜಿನ ಹೊತ್ತಿಗೆ ನಮ್ಮೂರಿಗಿರುವುದು ಒಂದೇ ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಒಳ್ಳೆಯದೇ ಆಯಿತು; ನಮ್ಮ ಕ್ಲಾಸಿನ ಎಷ್ಟೋ ಹುಡುಗಿಯರು ಕಾಲೇಜು ಬಿಡದೆ ಉಳಿದಿರುವುದು ಅದರಿಂದಲೇ. ಆದರೆ ಜನ ಹೆಚ್ಚಿದಂತೆ ನಮ್ಮ ಕಡೆ ಬಸ್ಸು ಹೆಚ್ಚಲಿಲ್ಲ. ಹಿಂದಿನ ಊರಲ್ಲೇ ತುಂಬಿ ಬರುವ ಬಸ್ಸು ಬ್ಯಾಗು ಹಾಕಿಕೊಂಡವರನ್ನು ಕಂಡರೆ ಸ್ಪೀಡು ಏರಿಸುತ್ತದೆ. ‘ಹಿಂದೆ ಇನ್ನೊಂದು ಬರ್ತಿದೆ’ ಎಂದು ಡ್ರೈವರಣ್ಣ ಕೈಸನ್ನೆ ಮಾಡುತ್ತಾರೆ. ಹಿಂದೆ ಬರುವುದು ಧೂಳು. ಪಾಸಿಗೆ ದುಡ್ಡು ಕಟ್ಟಿಯೂ ಹಾಲಿನ ವ್ಯಾನಿಗೆ ಜೋತುಬಿದ್ದು ಕಾಲೇಜು ಮುಟ್ಟುವಷ್ಟರಲ್ಲಿ ನಾನು ಆ್ಯಬ್ಸೆಂಟ್. ಬಾರದ ಬಸ್ಸಿಗೆ ಮಾತ್ರ ಯಾರೂ ಕೆಂಪು ಶಾಯಿ ಹಚ್ಚುವುದಿಲ್ಲ.

ಸೆಕೆಂಡ್ ಪಿರಿಯಡ್ಡಿಗೆ ನಾವು ಹಾಜರು, ಮೇಷ್ಟ್ರು ಇಲ್ಲ. ತಪ್ಪು ಅವರದಲ್ಲ, ಅವರು ಅತಿಥಿ ಉಪನ್ಯಾಸಕರು. ಮನೆಗೆ ಬಂದ ನೆಂಟ ಹತ್ತು ವರ್ಷ ಉಳಿದುಬಿಟ್ಟರೆ ನಾವಾದರೂ ಪಡಿತರ ಚೀಟಿಗೆ ಹೆಸರು ಸೇರಿಸುತ್ತೇವೆ. ಇವರು ಹತ್ತು, ಹದಿನೈದು ವರ್ಷ ಪಾಠ ಹೇಳಿದ ಮೇಲೂ ಪ್ರತಿ ವರ್ಷ ಕೌನ್ಸೆಲಿಂಗ್‌ಗೆ ನಿಂತು ಹೊಸದಾಗಿ ನೇಮಕವಾಗಬೇಕು. ಆ ಆದೇಶ ಕೈಸೇರುವತನಕ ಕ್ಲಾಸಿಲ್ಲ. 2023ರ ನವೆಂಬರಿನಲ್ಲಿ ಇವರೆಲ್ಲ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಧರಣಿ ಕೂತರು, ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಗೌರವಧನ ಹೆಚ್ಚಾಯಿತು. ಕೆಲಸ ಕಾಯಂ ಆಗಲಿಲ್ಲ. ಸೀನಿಯರ್‌ಗಳು ಅಷ್ಟು ದಿನ ಖಾಲಿ ಬೋರ್ಡು ನೋಡುತ್ತಾ ಕೂತಿದ್ದರಂತೆ.

ಇನ್ನು ಸಿಲಬಸ್. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ‘ದೇಶದಲ್ಲೇ ಮೊದಲು’ ಎಂದು ಎದೆಯುಬ್ಬಿಸಿ ಜಾರಿ ಮಾಡಿದರು. ಆನರ್ಸ್ ಡಿಗ್ರಿಗೆ 4 ವರ್ಷವಾಯಿತು. ಸರ್ಕಾರ ಬದಲಾಯಿತು. 2024-25ರಲ್ಲಿ ಮತ್ತೆ 3 ವರ್ಷವೇ ಸರಿ ಎಂದರು. ಒಂದೇ ಮನೆಯ ಅಣ್ಣ ತಮ್ಮ ಒಂದೇ ಬಸ್ಸಿನ ಹಿಂದೆ ಓಡಿ, ಒಂದೇ ಕಾಲೇಜಿನಲ್ಲಿ ಎರಡು ನೀತಿ ಓದಿದರು. ಅಣ್ಣನ ನೋಟ್ಸು ತಮ್ಮನ ಉಪಯೋಗಕ್ಕೆ ಬರಲಿಲ್ಲ. ನೀತಿಯ ಗತಿಯೇ ಹೀಗಾದರೆ ವಿಶ್ವವಿದ್ಯಾಲಯಗಳದು? ಹುಟ್ಟಿ ಕೆಲವೇ ವರ್ಷವಾದ ಒಂಬತ್ತು ವಿ.ವಿ.ಗಳನ್ನು ಮುಚ್ಚುವುದೇ ಲೇಸು ಎಂದು 2025ರಲ್ಲಿ ಸಂಪುಟ ಉಪಸಮಿತಿಯೇ ಹೇಳಿತು. ವಿ.ವಿ.ಯೇ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಕಡೆಯೂ ಹುಡುಗರು ಮಾತ್ರ ಶೇ 75 ಇರಲೇಬೇಕು.

ಪೂರ್ತಿ ಹಾಜರಾತಿ ನಮಗೆ ಒಗ್ಗುವುದೇ ಇಲ್ಲ ಎಂದು ತಿಳಿಯಬೇಡಿ. ಮುಹೂರ್ತದ ದಿನಗಳಲ್ಲಿ ಹುಡುಗರೆಲ್ಲ ಕೇಟರಿಂಗ್‌ಗೆ ಹೋಗುತ್ತೇವೆ. ಒಂದು ಪಂಕ್ತಿಯೂ ತಪ್ಪುವುದಿಲ್ಲ, ಏಕೆಂದರೆ ಅಲ್ಲಿ ಅಂದಿನ ಕೂಲಿ ಅಂದೇ ಕೈಗೆ ಬರುತ್ತದೆ. ಸ್ಕಾಲರ್‌ಶಿಪ್ಪಿನಂತೆ ಆಧಾರ್ ಲಿಂಕ್ ಕೇಳುವುದಿಲ್ಲ. ಕಳೆದ ಸೀಸನ್ನಿನಲ್ಲಿ ಬಿಳಿ ಟೋಪಿ ಹಾಕಿಕೊಂಡು ಸಾರಿನ ಬಕೆಟ್ ಹಿಡಿದು ಹೊರಟರೆ, ಮಂಟಪದಲ್ಲಿ ಮದುಮಗಳಾಗಿ ಕೂತವಳು ನಮ್ಮ ಕ್ಲಾಸಿನ ಹುಡುಗಿಯೇ. ಕ್ಲಾಸಿಗೆಲ್ಲ ಮೊದಲ ಬೆಂಚು, ಇಂಟರ್ನಲ್ಸ್‌ನಲ್ಲಿ ಎಲ್ಲರಿಗಿಂತ ಮುಂದೆ. ನಮ್ಮನ್ನು ನೋಡಿ ನಕ್ಕಳು, ಆಮೇಲೆ ತಲೆ ತಗ್ಗಿಸಿದಳು. ‘ಡಿಗ್ರಿ ಆಮೇಲೂ ಮುಗಿಸಬಹುದು, ಹುಡುಗನ ಕಡೆಯವರು ಒಪ್ಪಿದ್ದಾರೆ’ ಎಂದು ಅವಳ ಸೋದರಮಾವ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಾ ಹೇಳಿದರು. ಆ ಸೆಮಿಸ್ಟರಿನ ಪರೀಕ್ಷೆಗೆ ಅವಳು ಬರಲಿಲ್ಲ. ತಮ್ಮ ಪಟ್ಟಿಯಲ್ಲಿ ಅವಳ ಮುಂದೆಯೂ ‘ಹಾಜರಾತಿ ಕೊರತೆ’ ಎಂದೇ ಇದೆ. ಸೋದರಮಾವನ ಹೆಸರು ಎಲ್ಲೂ ಇಲ್ಲ.

ಡಿಗ್ರಿ ಮುಗಿದರೆ ತಮ್ಮಿಂದ ಬಿಡುಗಡೆ ಎಂದುಕೊಂಡಿದ್ದೆ. ಅದೂ ಸುಳ್ಳು. ಪಾಸಾಗಿ 180 ದಿನ ಕೆಲಸವಿಲ್ಲದೆ ಕುಳಿತರೆ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ ₹3,000 ಸಿಗುತ್ತದೆ, ಅದೂ ಎರಡೇ ವರ್ಷ. ಅದಕ್ಕೂ ‘ನಾನಿನ್ನೂ ನಿರುದ್ಯೋಗಿ’ ಎಂದು ಆಗಾಗ ಸ್ವಯಂಘೋಷಣೆ ಸಲ್ಲಿಸುತ್ತಿರಬೇಕು. ನಿರುದ್ಯೋಗಕ್ಕೂ ಹಾಜರಿ! ಅಲ್ಲಿ ಮಾತ್ರ ನಮ್ಮವರು ಶೇ 100 ಗಳಿಸುತ್ತಾರೆ ಎಂಬ ಭರವಸೆ ನನಗಿದೆ.

ಇದನ್ನೆಲ್ಲ ಪ್ರತಿನಿಧಿಯ ಮೂಲಕ ಹೇಳಿಸೋಣವೆಂದರೆ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಹದಿನೆಂಟು ತುಂಬಿದ ನಾವು ಶಾಸಕರನ್ನು ಆರಿಸಬಹುದು. ಕ್ಲಾಸ್ ರೆಪ್ರೆಸೆಂಟೇಟಿವನ್ನು ಮೇಷ್ಟ್ರೇ ಆರಿಸುತ್ತಾರೆ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ತಮ್ಮ ನಿಯಮವನ್ನು ಸಡಿಲಿಸಬೇಡಿ, ಎಲ್ಲರಿಗೂ ವಿಸ್ತರಿಸಿ. ನಿಲ್ಲಬೇಕಾದ ಬಸ್ಸು ಎಷ್ಟು ದಿನ ನಿಂತಿತು, ಮೇಷ್ಟ್ರ ನೇಮಕಾತಿ ಆದೇಶ ಯಾವ ತಿಂಗಳು ಬಂತು, ಸ್ಕಾಲರ್‌ಶಿಪ್ ಯಾವ ಸೆಮಿಸ್ಟರಿಗೆ ತಲುಪಿತು, ಫಲಿತಾಂಶ ಎಷ್ಟು ತಡವಾಯಿತು — ಎಲ್ಲವನ್ನೂ ನಮ್ಮ ಹೆಸರಿನ ಪಕ್ಕದಲ್ಲೇ ಅದೇ ನೋಟಿಸ್ ಬೋರ್ಡಿಗೆ ಹಚ್ಚಿ. ಅವೆಲ್ಲ ಶೇ 75 ದಾಟಿದ ದಿನ ನನ್ನನ್ನು ಡಿಬಾರ್ ಮಾಡಿ, ತಕರಾರೆತ್ತುವುದಿಲ್ಲ. ಅಲ್ಲಿಯವರೆಗೆ ನನಗೆ ಹಾಲ್ ಟಿಕೆಟ್ ಕೊಡಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ರೋಲ್ ನಂಬರ್ 43