ಭೀಮಸಮುದ್ರದಿಂದ ಮೆಡಿಟರೇನಿಯನ್ ಸಮುದ್ರಕ್ಕೆ

ಚಿತ್ರದುರ್ಗ ಜಿಲ್ಲೆಗೆ ಕಡಲತೀರವಿಲ್ಲದಿದ್ದರೂ, ಕೆರೆಯಿರುವ ಊರನ್ನು ಭೀಮಸಮುದ್ರವೆಂದೂ ವೇದಾವತಿಗೆ ಕಟ್ಟಿದ ಜಲಾಶಯವನ್ನು ವಾಣಿವಿಲಾಸ ಸಾಗರವೆಂದೂ ಕರೆದುಕೊಂಡು ಆ ಕೊರತೆಯನ್ನು ಹಿಂದೆಯೇ ನೀಗಿಸಿಕೊಂಡಿರುವ ಈ ಬಯಲುಸೀಮೆಯಲ್ಲಿ, ಇಟಲಿಯ ಕಡಲತೀರದ ಪ್ರವಾಸವೆಂಬುದು ಹೇಗೆ ಚರ್ಚೆಗೆ ಒಳಗಾಗುತ್ತದೆಂದು ತಿಳಿಯಲು ಹೊಳಲ್ಕೆರೆಯ ಅಡಿಕೆ ಬೆಳೆಗಾರರೊಬ್ಬರ ಪಡಸಾಲೆಯ ಈ ಸಂವಾದವು ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ. ಅದರಲ್ಲಿ ಪಾಲ್ಗೊಂಡವರು ಮನೆಯ ಯಜಮಾನರು, ಅವರ ಪತ್ನಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಹಾಗೂ ಹಿರಿಯೂರಿನಿಂದ ಬಂದಿದ್ದ ಪತ್ನಿಯ ಅಣ್ಣ. ಈ ಕೊನೆಯವರನ್ನು ಚರ್ಚೆಗೆ ಯಾರೂ ಕರೆದಿರಲಿಲ್ಲ.

"ಅಪ್ಪಾಜಿ, ಚಿಂಕ್ವೆ ತೆರ್ರೆ ಅಂದರೆ ಕಡಲಂಚಿನ ಬಂಡೆಗಳಿಗೆ ಅಂಟಿಕೊಂಡಿರುವ ಐದು ಊರುಗಳು. 1997ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಒಂದೂರಿಂದ ಇನ್ನೊಂದೂರಿಗೆ ರೈಲಿನಲ್ಲಿ ನಾಲ್ಕೈದು ನಿಮಿಷ ಅಷ್ಟೇ" ಎಂದು ಮಗಳು ಪ್ರಸ್ತಾವನೆ ಮಾಡಿದಳು.

"ಸ್ಟೇಷನ್ನು ಊರೊಳಗೇ ಇದೆಯೋ, ಇಲ್ಲಾ ಹೊಸದುರ್ಗ ರೋಡ್ ತರಹವೋ?" ಎಂದು ಯಜಮಾನರು ಕೇಳಿದರು. ಹೊಸದುರ್ಗ ರೋಡ್ ಎಂಬುದು ಹೊಸದುರ್ಗದ ಹೆಸರನ್ನು ಹೊತ್ತೂ ಆ ಊರಿನಿಂದ ಬಹುದೂರದಲ್ಲಿರುವ ರೈಲು ನಿಲ್ದಾಣವಾದ್ದರಿಂದ, ಅಲ್ಲಿ ಇಳಿದು ಬಸ್ಸಿಗೆ ಕಾದ ಅನುಭವವುಳ್ಳ ಯಾರಿಗೇ ಆದರೂ ಈ ಪ್ರಶ್ನೆಯು ಅಸಂಗತವೆನಿಸದು.

"ಕೊರ್ನೀಲಿಯ ಅನ್ನುವ ಊರಿಗೆ ಮಾತ್ರ ಸ್ಟೇಷನ್ ಕೆಳಗಿದೆ, ಊರು ಗುಡ್ಡದ ಮೇಲಿದೆ. ಸುಮಾರು 380 ಮೆಟ್ಟಿಲು ಹತ್ತಬೇಕು."

"ಮೆಟ್ಟಿಲು ಹತ್ತೋದಕ್ಕೆ ಅಷ್ಟು ದೂರ ಯಾಕವ್ವಾ? ದುರ್ಗದ ಕೋಟೆ ಏನು ಮುಚ್ಚಿದ್ದಾರಾ?" ಎಂದು ತಾಯಿಯವರು ಮೊಣಕಾಲನ್ನು ನೀವಿಕೊಳ್ಳುತ್ತಲೇ ಕೇಳಿದರು.

ಇಷ್ಟರಲ್ಲಿ ಹಿರಿಯೂರಿನವರು ತಮ್ಮ ಊರಿನ ಪರವಾಗಿ ವಾದ ಹೂಡಿದರು. "ನೋಡಿ ಭಾವ, ಕಡಲು ಅಂದರೆ ನೀರು ತಾನೇ? ನಮ್ಮ ವಾಣಿವಿಲಾಸ ಸಾಗರಕ್ಕೆ, ಅದೇ ಮಾರಿಕಣಿವೆಗೆ ಬನ್ನಿ. ಮಹಾರಾಣಿಯವರ ಹೆಸರಿಟ್ಟು ಕಟ್ಟಿಸಿದ್ದು, 1907ರಲ್ಲೇ ಮುಗಿದದ್ದು. ವೀಸಾ ಕೇಳೋರಿಲ್ಲ, ಮೀನೂ ಸಿಗುತ್ತದೆ."

"1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಆಮೇಲೆ ಬಿದ್ದದ್ದು 2022ಕ್ಕೆ. ಎಂಬತ್ತೊಂಬತ್ತು ವರ್ಷಕ್ಕೊಮ್ಮೆ ತುಂಬುವುದನ್ನು ಕಡಲು ಅನ್ನುತ್ತಾರಾ ಭಾವ?"

"2025ರ ಜನವರಿಯಲ್ಲೂ ತುಂಬಿ 130 ಅಡಿ ಮುಟ್ಟಿತಲ್ಲ!"

"ಮುಟ್ಟಿತು, ಒಪ್ಪೋಣ. 2022ರಲ್ಲಂತೂ ಹಿನ್ನೀರು ಹೊಸದುರ್ಗದ ಬೀಗರ ತೆಂಗಿನ ತೋಟದೊಳಕ್ಕೇ ಬಂದಿತ್ತು. ಸಾಗರವನ್ನು ನೋಡಲು ಹೋಗುವ ಬಸ್ ಚಾರ್ಜು ಅವರಿಗೆ ಉಳಿಯಿತು, ತೋಟ ಉಳಿಯಲಿಲ್ಲ."

ಹಿನ್ನೀರು ಹರಡುವುದು ಹೊಸದುರ್ಗ ತಾಲ್ಲೂಕಿನ ಕಡೆಗೆ, ಕೀರ್ತಿ ಸಲ್ಲುವುದು ಹಿರಿಯೂರಿಗೆ ಎಂಬ ಹಳೆಯ ಅಸಮಾಧಾನವು ಇಲ್ಲಿ ತಲೆಯೆತ್ತಿದ್ದರಿಂದ, ಮಗಳು ಚರ್ಚೆಯನ್ನು ಇಟಲಿಯ ಮರಳಿನತ್ತ ತಿರುಗಿಸಬೇಕಾಯಿತು. ಅಲ್ಲಿನ ಕಡಲತೀರದ ದೊಡ್ಡ ಭಾಗವನ್ನು ಸರ್ಕಾರವು ಖಾಸಗಿಯವರಿಗೆ ಪರವಾನಗಿಯ ಮೇಲೆ ಬಿಟ್ಟುಕೊಟ್ಟಿದ್ದು, ಅವರು ಸಾಲುಸಾಲಾಗಿ ಕೊಡೆಯನ್ನೂ ಒರಗುಮಂಚವನ್ನೂ ಹಾಕಿ ದಿನಬಾಡಿಗೆ ವಸೂಲು ಮಾಡುತ್ತಾರೆಂದೂ, ಬಂದವರು ಅದರ ಮೇಲೆ ಮಲಗಿ ಮೈಯನ್ನು ಬಿಸಿಲಿಗೆ ಒಡ್ಡುತ್ತಾರೆಂದೂ ಅವಳು ವಿವರಿಸಿದಳು.

"ಅಂದರೆ ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗಿಸೋ ಹಾಗೆ ಮನುಷ್ಯರನ್ನು ಒಣಗಿಸುತ್ತಾರೆ. ಮಧ್ಯಾಹ್ನಕ್ಕೊಮ್ಮೆ ತಿರುವಿ ಹಾಕೋದಕ್ಕೆ ಆಳು ಕೊಡುತ್ತಾರಾ, ಅದಕ್ಕೆ ಬೇರೆ ಕೂಲಿನಾ?" ಎಂದು ತಾಯಿಯವರು ವಿಚಾರಿಸಿದರು.

ಕಾಲದ ಪ್ರಶ್ನೆಯು ಬೇಗ ಇತ್ಯರ್ಥವಾಯಿತು. ಆಗಸ್ಟ್ 15ರಂದು ಇಟಲಿಯವರು ಆಚರಿಸುವ ಫೆರ್ರಾಗೋಸ್ತೊ ರಜೆಯ ಆಸುಪಾಸಿನಲ್ಲಿ ಇಡೀ ದೇಶವೇ ಕಡಲಿಗೆ ನುಗ್ಗುವುದೆಂದು ತಿಳಿದಾಗ, ಅದೇ ಸುಮಾರಿಗೆ ಅಡಿಕೆ ಕೊಯ್ಲು ಶುರುವಾಗುವುದರಿಂದ ಆ ತಿಂಗಳು ಹೇಗೂ ಆಗದೆಂದು ಯಜಮಾನರು ಹೇಳಿಬಿಟ್ಟರು. ಜೂನ್ ಎಂದು ನಿಶ್ಚಯವಾಯಿತು.

ನಿಜವಾದ ತೊಡಕು ಹುಟ್ಟಿದ್ದು ಷೆಂಗೆನ್ ವೀಸಾದಿಂದ. ಇದು ಇಟಲಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ, 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ತಂಗಲು ಬಿಡುವ ಅನುಮತಿಯಾಗಿದ್ದು, ವಯಸ್ಕರಿಗೆ 90 ಯೂರೋ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ, ಹೋಟೆಲು ಕಾದಿರಿಸಿದ ದಾಖಲೆ, ಇವೆಲ್ಲಕ್ಕಿಂತ ಮುಖ್ಯವಾಗಿ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆದಾಯ ತೆರಿಗೆಯ ರಿಟರ್ನ್ ಇವುಗಳನ್ನು ಕೇಳುತ್ತದೆ.

"ಅಪ್ಪಾಜಿ, ಪಾಸ್‌ಬುಕ್ಕಿನಲ್ಲಿ ನಾಲ್ಕು ಸಾವಿರದ ಚಿಲ್ಲರೆ ಇದೆ. ಉಳಿದ ದುಡ್ಡು ಎಲ್ಲಿ?"

"ಮಂಡಿಯಲ್ಲಿದೆ."

ಮಂಡಿಯೆಂದರೆ ಬೆಳೆಗಾರನ ಅಡಿಕೆಯನ್ನು ದಲಾಲಿಯ ಮೇಲೆ ಮಾರಿಕೊಡುವ ಅಂಗಡಿ. ಮಾರಾಟದ ಹಣವನ್ನು ಬೆಳೆಗಾರರನೇಕರು ಪೂರ್ತಿ ತರದೆ ಮಂಡಿಯ ಸಾಹುಕಾರರ ಖಾತೆಪುಸ್ತಕದಲ್ಲೇ ಬಿಟ್ಟು, ಮದುವೆಗೋ ಕೊಳವೆಬಾವಿಗೋ ಬೇಕಾದಾಗ ಇಷ್ಟಿಷ್ಟು ಎತ್ತುವ ರೂಢಿಯಿದೆ. ಕೃಷಿಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ಯಜಮಾನರು ರಿಟರ್ನ್ ಸಲ್ಲಿಸಿದವರೂ ಅಲ್ಲ. ಹೀಗೆ ಹೊಳಲ್ಕೆರೆಯಲ್ಲಿ ಯಾರು ಬೇಕಾದರೂ ನಂಬುವ ಶ್ರೀಮಂತಿಕೆಯು ಇಟಲಿಯವರ ಕಣ್ಣಿಗೆ ಬೀಳುವಂತಿರಲಿಲ್ಲ.

"ಸಾಹುಕಾರರ ಪಟ್ಟಿ ಇದೆಯಲ್ಲ, ತೂಕ, ದರ, ಎಲ್ಲ ಬರೆದಿದೆ" ಎಂದು ಯಜಮಾನರು ಗೋಡೆಯ ಮೊಳೆಗೆ ಚುಚ್ಚಿದ್ದ ಮಾರಾಟದ ಚೀಟಿಗಳ ಕಂತೆಯನ್ನು ಇಳಿಸಿದರು. ಮೇಲಿನದಕ್ಕೆ ಅರಿಶಿನದ ಕಲೆ ತಾಗಿತ್ತು. ಒಂದರ ಬೆನ್ನಿಗೆ ಹಾಲಿನ ಲೆಕ್ಕವಿತ್ತು.

"ಇದನ್ನು ವೀಸಾದವರು ಒಪ್ಪೋದಿಲ್ಲ ಅಪ್ಪಾಜಿ."

"ಒಪ್ಪದೆ? ಭೀಮಸಮುದ್ರದಲ್ಲಿ ಈ ಚೀಟಿ ತೋರಿಸಿದರೆ ಟ್ರ್ಯಾಕ್ಟರ್ ಕೊಡುತ್ತಾರೆ" ಎಂದು ಹಿರಿಯೂರಿನವರು ಮೊದಲ ಸಲ ಭಾವನ ಪಕ್ಷ ವಹಿಸಿದರು.

ಕೊನೆಗೆ ಹಣವನ್ನೆಲ್ಲ ಬ್ಯಾಂಕಿಗೆ ಹಾಕಿಸಿ ಕೆಲವು ತಿಂಗಳು ಅಲ್ಲೇ ಬಿಡುವುದೆಂದು ತೀರ್ಮಾನವಾಗಿ, ಯಜಮಾನರು ಫೋನಿನಲ್ಲಿ ಸಾಹುಕಾರರಿಗೆ ಇಟಲಿಯವರು ಲೆಕ್ಕ ಕೇಳುತ್ತಿದ್ದಾರೆಂಬ ವಿಷಯವನ್ನು ಆದಷ್ಟು ಸಂಕ್ಷೇಪವಾಗಿ ತಿಳಿಸಿದರು. ಅತ್ತ ಕಡೆ ಸ್ವಲ್ಪ ಹೊತ್ತು ಮೌನವಿತ್ತು.

"ಇಟಲಿಯವರಾ? ಯಾವ ಮಾಲು ಬೇಕಂತೆ ಗೌಡ್ರೆ, ರಾಶಿನೋ ಬೆಟ್ಟೆನೋ? ದರ ಮಾತ್ರ ನೀವು ಮೊದಲು ಬಾಯಿ ಬಿಡಬೇಡಿ."